ಆಸ್ತಮಾ ಆರೈಕೆ ಮತ್ತು ಆನ್‌ಲೈನ್ ರೋಗಿ ಪೋರ್ಟಲ್ (ಬೆಂಗಳೂರು ಗ್ರಾಮಾಂತರ ಜಿಲ್ಲೆ)

ರೋಗಿ ಪೋರ್ಟಲ್ ಎಂದರೆ ರೋಗಿಯು ತನ್ನ ಚಿಕಿತ್ಸಾ ದಾಖಲೆ ನೋಡಲು, ವೈದ್ಯರ ಸಲಹೆ ಪಡೆಯಲು, ಮನೆಯಿಂದಲೇ ರೋಗಲಕ್ಷಣ ತಿಳಿಸಲು ನೆರವಾಗುವ ಜಾಲತಾಣ ಅಥವಾ ಮೊಬೈಲ್ ಆ್ಯಪ್.

ಹಿನ್ನೆಲೆ: ಆಸ್ತಮಾ, ಅಂದರೆ ಉಬ್ಬಸ, ಬಂದು ಹೋಗುವ ಕಾಯಿಲೆ. ರಾತ್ರಿ ಮೂರಕ್ಕೆ ಎಬ್ಬಿಸಿದ ಕೆಮ್ಮು ಬೆಳಗ್ಗೆ ಆಸ್ಪತ್ರೆಯ ಸಾಲಿನಲ್ಲಿ ನಿಂತಾಗ ಇರುವುದಿಲ್ಲ. ಹಾಗಾಗಿ ಎರಡು ಭೇಟಿಗಳ ನಡುವಿನ ದಿನಗಳ ಲೆಕ್ಕ ಚಿಕಿತ್ಸೆಗೆ ಬಹಳ ಮುಖ್ಯ. ಬೆಂಗಳೂರಿನಲ್ಲಿ ಡಾ. ಎಚ್. ಪರಮೇಶ್ 20,000 ಮಕ್ಕಳ ಮೇಲೆ ನಡೆಸಿದ ಆಸ್ಪತ್ರೆ ಆಧಾರಿತ ಅಧ್ಯಯನದಲ್ಲಿ ಆಸ್ತಮಾ ಪ್ರಮಾಣ 1979ರಲ್ಲಿ ಶೇ. 9 ಇದ್ದದ್ದು 1999ಕ್ಕೆ ಶೇ. 29.5 ಆಗಿತ್ತು. ಮುಂದೆ ನಗರದ ವಾಹನ, ಕಾರ್ಖಾನೆ, ಕಟ್ಟಡ ಕಾಮಗಾರಿಗಳು ಗ್ರಾಮಾಂತರ ಜಿಲ್ಲೆಯ ನೆಲಮಂಗಲ, ಹೊಸಕೋಟೆ, ದೊಡ್ಡಬಳ್ಳಾಪುರಗಳತ್ತಲೂ ಹಬ್ಬಿದವು.

ಬೆಳವಣಿಗೆ: ಮೊದಲಿಗೆ ಭೇಟಿಗಳ ನಡುವಿನ ದಿನಗಳ ಲೆಕ್ಕ ಕಾಗದದ ಮೇಲಿತ್ತು. ರೋಗಿ ಉಸಿರು ಹೊರಬೀಳುವ ವೇಗ ಅಳೆಯುವ ಪೀಕ್ ಫ್ಲೋ ಮೀಟರಿನ ಕೊಳವೆಗೆ ಜೋರಾಗಿ ಊದಿ, ಮುಳ್ಳು ನಿಂತ ಅಂಕಿ ಬರೆದಿಡುತ್ತಿದ್ದ. ತನ್ನ ಅತ್ಯುತ್ತಮ ಅಂಕಿಯ ಶೇ. 80ಕ್ಕಿಂತ ಮೇಲಿದ್ದರೆ ಹಸಿರು, 50ರಿಂದ 80 ಹಳದಿ, ಅದಕ್ಕೂ ಕೆಳಗೆ ಕೆಂಪು ವಲಯ. ಅಮೆರಿಕದ ಫಿಲಡೆಲ್ಫಿಯಾ ಮಕ್ಕಳ ಆಸ್ಪತ್ರೆಯ ‘ಮೈ ಆಸ್ತಮಾ’ ಪೋರ್ಟಲ್ ಇಂಥ ಲೆಕ್ಕವನ್ನು ಪರದೆಗೆ ತಂದಿತು. 60 ಕುಟುಂಬಗಳಲ್ಲಿ ನಡೆದ ಅದರ ಪ್ರಯೋಗದ ವರದಿ 2015ರಲ್ಲಿ ಪ್ರಕಟವಾಯಿತು.

ಕರ್ನಾಟಕ ಬೇರೆ ದಾರಿ ಹಿಡಿಯಿತು: ಇಲ್ಲಿ ದಿನಚರಿಗಿಂತ ಮೊದಲು ಬಂದದ್ದು ದೂರದಿಂದಲೇ ವೈದ್ಯರ ಸಲಹೆ. 2000ದ ದಶಕದ ಆರಂಭದಲ್ಲಿ ಇಸ್ರೋ ಉಪಗ್ರಹದ ನೆರವಿನಿಂದ ಚಾಮರಾಜನಗರ ಜಿಲ್ಲಾಸ್ಪತ್ರೆಯು ಬೆಂಗಳೂರಿನ ನಾರಾಯಣ ಹೃದಯಾಲಯದೊಂದಿಗೆ ಬೆಸೆದುಕೊಂಡಿತು. ನಂತರ 104 ಆರೋಗ್ಯವಾಣಿ ಬಂತು. 2020ರ ಲಾಕ್‌ಡೌನ್‌ನಲ್ಲಿ ಇ-ಸಂಜೀವಿನಿ ಮನೆಯಿಂದಲೇ ವೈದ್ಯರನ್ನು ಕಾಣುವ ಅವಕಾಶ ಕೊಟ್ಟಿತು. 2021ರ ಸೆಪ್ಟೆಂಬರ್ 27ರಂದು ದೇಶವ್ಯಾಪಿಯಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ 14 ಅಂಕಿಯ ಆರೋಗ್ಯ ಸಂಖ್ಯೆ (ಈಗಿನ ‘ಆಭಾ’) ತಂದಿತು.

ಮಿತಿಗಳು: ಆಭಾ ಹಳೆಯ ಚೀಟಿ, ಪರೀಕ್ಷಾ ವರದಿಗಳನ್ನು ಒಂದೆಡೆ ಜೋಡಿಸುತ್ತದೆ, ಉಬ್ಬಸದ ದಿನಚರಿ ಇಡುವುದು ಅದರ ಕೆಲಸವಲ್ಲ. ಆ ದಿನಚರಿ ಸರಳ ಕನ್ನಡದಲ್ಲಿ, ಮನೆಗೆ ಬರುವ ಆಶಾ ಕಾರ್ಯಕರ್ತೆಯ ನೆರವಿನಿಂದ, ಸ್ಮಾರ್ಟ್‌ಫೋನ್ ಇಲ್ಲದವರಿಗೂ ದಕ್ಕುವಂತೆ ಜೋಡಣೆಯಾದರೆ ಮಾತ್ರ ಪೋರ್ಟಲ್ ಹಳ್ಳಿಯ ರೋಗಿಗೆ ನಿಜವಾಗಿ ಒದಗೀತು. ಯಾವ ಪೋರ್ಟಲ್ಲೂ ತುರ್ತು ಚಿಕಿತ್ಸೆಯ ಬದಲಿಯಲ್ಲ: ಒಂದು ಮಾತು ಪೂರ್ತಿ ಆಡಲಾಗದಷ್ಟು ಉಸಿರು ಕಟ್ಟಿದಾಗ ಮೊದಲು ಕರೆಯಬೇಕಾದದ್ದು 108 ಆಂಬ್ಯುಲೆನ್ಸ್.