ಕಡಲಿಗೆ ಸಿಕ್ಕ ಬಿಡುವು ಭೀಮೆಗೂ ಸಿಗಲಿ

ಮಲ್ಪೆಯ ಬಂದರಿನಲ್ಲಿ, ಮಂಗಳೂರಿನ ದಕ್ಕೆಯಲ್ಲಿ, ಕಾರವಾರದ ಬೈತಖೋಲದಲ್ಲಿ ಕೆಲಸ ಮಾಡುವ ಮೀನುಗಾರಿಕೆ ಇಲಾಖೆಯೇ ಆಳಂದ, ಅಫಜಲಪುರ, ಜೇವರ್ಗಿಗಳಲ್ಲೂ ಕೆಲಸ ಮಾಡುತ್ತದೆ. ತೊಗರಿ, ಜೋಳದ ಈ ಬಯಲುಸೀಮೆಗೆ ಮೀನಿನ ಇಲಾಖೆ ಯಾಕೆ ಬೇಕು ಎಂದು ಕೇಳುವವರು ನಮ್ಮಲ್ಲೇ ಇದ್ದಾರೆ. ಕೇಳುವವರು ಒಮ್ಮೆ ಗಾಣಗಾಪುರದ ಸಂಗಮಕ್ಕೆ ಹೋಗಿ ನಿಲ್ಲಬೇಕು. ಆಳಂದ ತಾಲ್ಲೂಕಿನಿಂದ ಇಳಿದು ಬರುವ ಅಮರ್ಜಾ ಅಲ್ಲಿ ಭೀಮೆಗೆ ಸೇರುತ್ತಾಳೆ. ಭೀಮೆ ಅಫಜಲಪುರದ ಅಂಚು ಸವರಿ ಜೇವರ್ಗಿಯತ್ತ ಹೊರಡುತ್ತಾಳೆ. ಆ ದಂಡೆಯುದ್ದಕ್ಕೂ ಬಲೆ ನಂಬಿ ಬದುಕಿದ ಅಂಬಿಗರು, ಕೋಲಿ-ಕಬ್ಬಲಿಗರು ತಲೆತಲಾಂತರದಿಂದ ಇದ್ದಾರೆ. ಅವರ ಪಾಲಿಗೆ ಈ ಇಲಾಖೆ ದೂರದ ಸರ್ಕಾರವಲ್ಲ. ಲೈಸೆನ್ಸು, ಮೀನುಮರಿ, ಸೊಸೈಟಿ, ಕೆರೆಯ ಗುತ್ತಿಗೆ ಎಲ್ಲದಕ್ಕೂ ಅವರು ಹತ್ತುವುದು ಅದೇ ಮೆಟ್ಟಿಲು.

ಈ ಸ್ಮರಣ ಸಂಚಿಕೆಗೆ ಇಲಾಖೆಯ ಕಥೆ ಬರೆಯಲು ಕೂತಾಗ ನನ್ನ ಮನಸ್ಸು ಮತ್ತೆ ಮತ್ತೆ ಹೋದದ್ದು ಒಂದೇ ಕಡೆಗೆ. ಕಡಲಿನಲ್ಲಿ ಈ ಇಲಾಖೆ ಸಾಧಿಸಿದ ದೊಡ್ಡ ಕೆಲಸ ಮೀನು ಹಿಡಿಸಿದ್ದಲ್ಲ, ವರ್ಷಕ್ಕೆ ಎರಡು ತಿಂಗಳು ಹಿಡಿಯದಂತೆ ಮಾಡಿದ್ದು.

ರಾಜ್ಯಗಳ ಪುನರ್ವಿಂಗಡಣೆಯಾದ ಮರುವರ್ಷ, 1957ರಲ್ಲಿ, ಮೀನುಗಾರಿಕೆ ನಮ್ಮ ರಾಜ್ಯದಲ್ಲಿ ಸ್ವತಂತ್ರ ಇಲಾಖೆಯಾಯಿತು. 1956ರ ನವೆಂಬರ್ 1ರಂದು ಒಂದಾದ ನಾಡಿನಲ್ಲಿ ಮೀನಿನ ಆಡಳಿತವೂ ಬೇರೆ ಬೇರೆ ಮನೆಗಳಿಂದ ಬಂದದ್ದು. ದಕ್ಷಿಣ ಕನ್ನಡ ಮದ್ರಾಸಿನಿಂದ ಬಂತು. ಅಲ್ಲಿ ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲೇ ಫ್ರೆಡರಿಕ್ ನಿಕೋಲ್ಸನ್ ಮೀನುಗಾರಿಕೆಗೊಂದು ಸರ್ಕಾರಿ ವ್ಯವಸ್ಥೆಯ ಬುನಾದಿ ಹಾಕಿದ್ದರು. ಉತ್ತರ ಕನ್ನಡ ಮುಂಬಯಿಯಿಂದ ಬಂತು. ಹಳೆಯ ಮೈಸೂರಿಗೆ ಬೇಟೆ ಮತ್ತು ಮೀನು ಸಂರಕ್ಷಣೆಯ 1901ರ ಕಾಯಿದೆ ಇತ್ತು. ನಮ್ಮ ಮೂರು ತಾಲ್ಲೂಕುಗಳು ಗುಲಬರ್ಗಾ ಜಿಲ್ಲೆಯೊಂದಿಗೆ ನಿಜಾಮರ ಹೈದರಾಬಾದ್ ಬಿಟ್ಟು ಬಂದವು. ಉಪ್ಪುನೀರಿನ ಬೆಸ್ತರೂ ಸಿಹಿನೀರಿನ ಅಂಬಿಗರೂ ಹೀಗೆ ಒಂದೇ ಕಚೇರಿಯ ಕೆಳಗೆ ಬಂದರು.

ಅದೇ 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ವಿಜ್ಞಾನಿ ಹೀರಾಲಾಲ್ ಚೌಧುರಿ ಪಿಟ್ಯುಟರಿ ಗ್ರಂಥಿಯ ಸಾರವನ್ನು ಗೆಂಡೆ ಜಾತಿಯ ಮೀನಿಗೆ ಚುಚ್ಚಿ, ಹೊಳೆಯ ಹೊರಗೇ ಮೊಟ್ಟೆ ಇಡಿಸಿದರು. ದೇಶವೆಲ್ಲ ಆ ದಿನವನ್ನು ಮೀನು ಕೃಷಿಕರ ದಿನವೆಂದು ಆಚರಿಸುತ್ತದೆ. ಹರಿಯುವ ಹೊಳೆಯಲ್ಲಷ್ಟೇ ಸಂತಾನ ಮಾಡುತ್ತಿದ್ದ ಕಟ್ಲ, ರೋಹು, ಮೃಗಾಲ್ ಮರಿಗಳು ಲಕ್ಷಗಟ್ಟಲೆ ಕೈಗೆ ಸಿಗುವ ದಾರಿ ಅಂದು ತೆರೆಯಿತು. ಆಳಂದ ತಾಲ್ಲೂಕಿನ ಕೋರಳ್ಳಿ ಬಳಿಯ ಅಮರ್ಜಾ ಜಲಾಶಯಕ್ಕೆ, ಊರೂರಿನ ಕೆರೆಗಳಿಗೆ ಮರಿ ಬಿಡುವ ಕೆಲಸದ ಬೇರು ಅಲ್ಲಿದೆ.

ಇನ್ನು ಕಡಲಿನ ಕಥೆ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಮ್ಮ ಕಡೆಯವರಿಗೆ ಇದು ಅಷ್ಟಾಗಿ ಗೊತ್ತಿಲ್ಲ.

ಕರಾವಳಿಯಲ್ಲಿ ಹಿಂದೆ ರಂಪಣಿ ಬಲೆಯ ಕಾಲವಿತ್ತು. ಊರಿನ ಹತ್ತಾರು ಜನ ಸೇರಿ ದೊಡ್ಡ ಬಲೆಯೊಂದನ್ನು ಕಡಲಿಗೆ ಸುತ್ತುಹಾಕಿ, ದಡದಲ್ಲಿ ಎರಡು ಸಾಲಾಗಿ ನಿಂತು ಎಳೆಯುತ್ತಿದ್ದರು. ಬಂದ ಬಂಗುಡೆ, ಭೂತಾಯಿಯನ್ನು ಪಾಲು ಮಾಡಿಕೊಳ್ಳುತ್ತಿದ್ದರು. ಮೀನು ದಡಕ್ಕೆ ಬಂದರೆ ಉಂಟು, ಬಾರದಿದ್ದರೆ ಇಲ್ಲ. 1970ರ ದಶಕದ ನಡುವೆ ಪರ್ಸೀನ್ ಬೋಟುಗಳು ಬಂದವು. ಮೀನು ದಡಕ್ಕೆ ಬರುವವರೆಗೆ ಕಾಯುವ ಅಗತ್ಯ ಅವಕ್ಕಿರಲಿಲ್ಲ. ಹಿಂಡು ಕಂಡಲ್ಲೇ ಸುತ್ತುವರಿದು ಬಲೆಯ ಬುಡವನ್ನು ಚೀಲದಂತೆ ಬಿಗಿದು ಎತ್ತುತ್ತಿದ್ದವು. ಕೆಲವೇ ವರ್ಷಗಳಲ್ಲಿ ರಂಪಣಿ ಕಳೆಗುಂದಿತು. ದಡದಲ್ಲಿ ನಿಂತವರಿಗೂ ಬೋಟಿನವರಿಗೂ ಕಾದಾಟವಾಯಿತು. ಇದು ಕರ್ನಾಟಕದೊಂದರ ಗೋಳಲ್ಲ. ಕೇರಳ, ಗೋವಾ, ತಮಿಳುನಾಡುಗಳಲ್ಲೂ ಸಣ್ಣ ಮೀನುಗಾರರು ಬೀದಿಗಿಳಿದಿದ್ದರು. ಕೇಂದ್ರ ಸರ್ಕಾರ ಮಾದರಿ ಮಸೂದೆಯೊಂದನ್ನು ರೂಪಿಸಿ ರಾಜ್ಯಗಳಿಗೆ ಕಳಿಸಿತು. ಕೇರಳ, ಗೋವಾ 1980ರಲ್ಲೇ ಕಾನೂನು ಮಾಡಿದವು. ನಮ್ಮಲ್ಲಿ ಕರ್ನಾಟಕ ಸಾಗರ ಮೀನುಗಾರಿಕೆ (ನಿಯಂತ್ರಣ) ಅಧಿನಿಯಮ ಬಂದದ್ದು 1986ರಲ್ಲಿ.

ಆ ಕಾನೂನು ಕಡಲನ್ನು ಹೊಲದ ಹಾಗೆ ಪಟ್ಟಿಪಟ್ಟಿಯಾಗಿ ಹಂಚಿತು. ದಡಕ್ಕೆ ಹತ್ತಿರದ 6 ಕಿಲೋಮೀಟರ್ ನಾಡದೋಣಿಯವರಿಗೆ. ಅದರಾಚೆ ಸಣ್ಣ ಯಾಂತ್ರಿಕ ಬೋಟುಗಳಿಗೆ, ಇನ್ನೂ ಆಚೆ ದೊಡ್ಡವಕ್ಕೆ. ಪ್ರತಿ ದೋಣಿಗೂ ನೋಂದಣಿ ಬೇಕು, ಪರವಾನಗಿ ಬೇಕು. ಕಡಲಿನ ಮೇಲೆ ಗೆರೆ ಎಳೆಯಲು ಬರುವುದಿಲ್ಲ ನಿಜ. ಆದರೂ ಆ ಗೆರೆ ಕಾಗದದಲ್ಲಿ ಇದ್ದದ್ದರಿಂದಲೇ ನಾಡದೋಣಿಯ ಮನುಷ್ಯನಿಗೆ ಕಚೇರಿಗೆ ಬಂದು ‘ಇದು ನನ್ನ ಜಾಗ’ ಎಂದು ಹೇಳುವ ಬಲ ಬಂತು. ಇದು ಸಣ್ಣ ಮಾತಲ್ಲ.

ಎಲ್ಲಕ್ಕಿಂತ ದೊಡ್ಡದು ಮಳೆಗಾಲದ ನಿಷೇಧ. ಮುಂಗಾರಿನ ತಿಂಗಳುಗಳಲ್ಲಿ ಭೂತಾಯಿಯಂಥ ಅನೇಕ ಮೀನುಗಳು ಮೊಟ್ಟೆ ಇಡುತ್ತವೆ. ಆಗ ಕಡಲಿಗಿಳಿಯಬಾರದು ಎಂಬುದು ಹಿರಿಯರ ರೂಢಿ. ತೆರೆಗೆ ಹೆದರಿ ದೋಣಿ ಎಳೆದು ಮೇಲಿಡುತ್ತಿದ್ದರು, ಮೀನೂ ಉಳಿಯುತ್ತಿತ್ತು. ಎಂಜಿನ್ ಬಂದಮೇಲೆ ಆ ಹೆದರಿಕೆ ಹೋಯಿತು, ಅದರೊಂದಿಗೆ ರೂಢಿಯೂ ಹೋಯಿತು. ಆಗ ರೂಢಿಯ ಜಾಗಕ್ಕೆ ಸರ್ಕಾರದ ಆದೇಶ ಬರಬೇಕಾಯಿತು. ಮೊದಲು ರಾಜ್ಯಕ್ಕೊಂದು ದಿನಾಂಕ. ಇಲ್ಲಿ ಬಲೆ ಮಡಚಿದಾಗ ಪಕ್ಕದ ರಾಜ್ಯದ ಬೋಟುಗಳು ಓಡಾಡುತ್ತಿದ್ದವು. 2015ರಿಂದ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ಒಂದೇ ನಿಷೇಧ ಜಾರಿಯಾಯಿತು. ನಮ್ಮ ರಾಜ್ಯದಲ್ಲಿ 10 ಅಶ್ವಶಕ್ತಿಯ ಒಳಗಿನ ಸಣ್ಣ ಎಂಜಿನ್ನಿನ ನಾಡದೋಣಿಗಳಿಗೆ ವಿನಾಯಿತಿ ಇದೆ. ಬಡವನ ಅಂದಿನ ಗಂಜಿಯನ್ನು ಕಿತ್ತುಕೊಳ್ಳದೆ ಕಡಲಿಗೆ ಬಿಡುವು ಕೊಟ್ಟ ಈ ಏರ್ಪಾಡನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಕೊರತೆಗಳೂ ಇವೆ. ರಾತ್ರಿ ಎಲ್‌ಇಡಿ ದೀಪ ಉರಿಸಿ ಮೀನು ಸೆಳೆಯುವುದನ್ನು, ಎರಡು ಬೋಟು ಸೇರಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲನ್ನು 2017ರಲ್ಲಿ ಕೇಂದ್ರ ನಿಷೇಧಿಸಿತು. ಆದರೂ ಅವು ನಡೆಯುತ್ತಲೇ ಇವೆ ಎಂಬ ದೂರು ಕರಾವಳಿಯಿಂದ ಇಂದಿಗೂ ನಿಂತಿಲ್ಲ. ದಡದಿಂದ 12 ನಾಟಿಕಲ್ ಮೈಲಿವರೆಗೆ ಅಧಿಕಾರ ರಾಜ್ಯದ್ದು, ಅದರಾಚೆ ಕೇಂದ್ರದ್ದು. ಕದಿಯುವವನಿಗೆ ಆ ಸಂದು ಚೆನ್ನಾಗಿ ಗೊತ್ತು.

ಇಲಾಖೆಗೆ ಕಲಿತ ಕೈಗಳನ್ನು ಕೊಟ್ಟ ಸಂಸ್ಥೆಯನ್ನೂ ನೆನೆಯಬೇಕು. 1969ರಲ್ಲಿ ಮಂಗಳೂರಿನಲ್ಲಿ ಶುರುವಾದ ಮೀನುಗಾರಿಕೆ ಮಹಾವಿದ್ಯಾಲಯ ದೇಶದಲ್ಲೇ ಮೊದಲನೆಯದು. ಈಗ ಅದು ಬೀದರಿನ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಅಂಗ. ಕಡಲ ಕಾಲೇಜಿನ ಕೇಂದ್ರ ಕಚೇರಿ ನಮ್ಮ ಕಲ್ಯಾಣ ಕರ್ನಾಟಕದಲ್ಲಿದೆ ಎಂದು ಹೇಳಿಕೊಳ್ಳಲು ನನಗೆ ಹೆಮ್ಮೆ.

ಈಗ ಭೀಮೆಗೆ ಬರುತ್ತೇನೆ.

ಭೀಮೆಯ ಮೀನುಗಳಿಗೆ ವಿಜ್ಞಾನದಲ್ಲಿ ಹಳೆಯ ಹೆಸರಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಕರ್ನಲ್ ಸೈಕ್ಸ್ ಎಂಬ ಸೇನಾಧಿಕಾರಿ ದಖನ್ನಿನ ಮೀನುಗಳನ್ನು ಬರೆದಿಟ್ಟ. ದಖನ್ನಿನ ಮಹಶೀರ್ ಮೀನನ್ನು ಆತ ಗುರುತಿಸಿದ್ದು ಪುಣೆಯ ಮುಳಾ-ಮುಠಾ ಹೊಳೆಯಲ್ಲಿ. ಆ ಹೊಳೆ ಕೂಡುವುದು ಭೀಮೆಯನ್ನೇ. ಬಾಳೆಮೀನು, ಕೊರವ, ಹಾವುಮೀನು ನಮ್ಮ ದಂಡೆಯ ಅಡುಗೆಮನೆಗಳಿಗೆ ಹೊಸವಲ್ಲ.

ನಮ್ಮ ದಂಡೆಯ ಹಿರಿಯರಿಗೂ ಒಂದು ರೂಢಿ ಇತ್ತು. ಮೊದಲ ಮಳೆಗೆ ಹೊಳೆ ಕೆಂಪಗೆ ತಿರುಗಿದಾಗ ಮೀನು ನೀರಿಗೆ ಎದುರಾಗಿ ಹಳ್ಳಗಳತ್ತ ಏರುತ್ತವೆ. ಚಿಕ್ಕಂದಿನಲ್ಲಿ ನಾನೂ ಹುಡುಗರೊಂದಿಗೆ ಹಳ್ಳಕ್ಕೆ ಅಡ್ಡ ನಿಂತು ಅವನ್ನು ಹಿಡಿಯಲು ಹೋಗಿದ್ದೆ. ಅಂಬಿಗರ ಮುದುಕರೊಬ್ಬರು ಗದರಿದರು: ‘ಏ ತಮ್ಮಾ, ಬಿಡು ಅದನ್ನ. ಹೊಟ್ಟಿ ತುಂಬ ತತ್ತಿ ಅದಾವ. ಈಗ ತಿಂದ್ರ ಬರೋ ವರ್ಷಕ್ಕ ಏನ್ ಹಿಡೀತಿ?’ ಕಡಲಿನ 61 ದಿನಗಳ ಆದೇಶದಲ್ಲಿರುವುದೂ ಇದೇ ಮಾತು.

ಕಾನೂನಿನ ಬಲ ಒಳನಾಡಿಗೂ ಇದೆ. ಸಿಡಿಮದ್ದು ಹಾಕಿ, ವಿಷ ಬೆರೆಸಿ ಮೀನು ಕೊಲ್ಲುವುದು 1897ರ ಭಾರತೀಯ ಮೀನುಗಾರಿಕೆ ಕಾಯಿದೆಯಷ್ಟು ಹಿಂದೆಯೇ ಅಪರಾಧವಾಯಿತು. ಬಲೆಯ ಕಣ್ಣು ಎಷ್ಟಿರಬೇಕು, ಯಾವ ನೀರಿನಲ್ಲಿ ಕೆಲಕಾಲ ಹಿಡಿಯಬಾರದು ಎಂದು ನಿಯಮ ಮಾಡುವ ಅಧಿಕಾರವನ್ನೂ ಅದು ಕೊಟ್ಟಿತ್ತು. ಆಮೇಲೆ ಕರ್ನಾಟಕದ್ದೇ ಒಳನಾಡು ಮೀನುಗಾರಿಕೆ (ಸಂರಕ್ಷಣೆ, ಅಭಿವೃದ್ಧಿ ಮತ್ತು ನಿಯಂತ್ರಣ) ಅಧಿನಿಯಮ, 1996 ಬಂತು. ಅದೇ 1996ರಲ್ಲಿ ದಕ್ಷಿಣ ಕನ್ನಡದ ಶಿಶಿಲದಲ್ಲಿ, ದೇವರ ಮೀನೆಂದು ಜನ ಅಕ್ಕಿ ಹಾಕಿ ಸಾಕಿದ್ದ ಮೀನುಗಳನ್ನು ಯಾರೋ ವಿಷವಿಕ್ಕಿ ಸಾವಿರಾರು ಸಂಖ್ಯೆಯಲ್ಲಿ ಕೊಂದರು. ದೇವರ ಭಯವೊಂದೇ ಸಾಲದು, ಕಾಯುವ ಕೈಯೂ ಬೇಕು ಎಂದು ಆ ದುರಂತ ನೋಡಿದ ಯಾರಿಗಾದರೂ ಅನಿಸಿರಬೇಕು.

ದೊಡ್ಡ ಅಚ್ಚುಕಟ್ಟಿನ ಕೆರೆಗಳು ಇಲಾಖೆಯ ಸುಪರ್ದಿಯಲ್ಲಿವೆ, ಸಣ್ಣವು ಗ್ರಾಮ ಪಂಚಾಯಿತಿಯ ಸುಪರ್ದಿಯಲ್ಲಿ. ಗುತ್ತಿಗೆ ಕೊಡುವಾಗ ಮೀನುಗಾರರ ಸಹಕಾರ ಸಂಘಗಳಿಗೆ ಮೊದಲ ಮಣೆ. ಇದು ಒಳ್ಳೆಯ ನಿಯಮ. ಮರಿ ಬಿಟ್ಟವನೇ ಮರಿ ಕಾಯುತ್ತಾನೆ. ಹರಿಯುವ ಹೊಳೆಗೆ ಮಾತ್ರ ಆ ಒಡೆತನದ ಕಾಳಜಿ ಬರಲಿಲ್ಲ. ಲೈಸೆನ್ಸು ಪಡೆದವನು ಕಣ್ಣಿನ ಅಳತೆ ನೋಡಿ ಬಲೆ ಬೀಸಿದರೆ, ಪಡೆಯದವನು ಸೊಳ್ಳೆಪರದೆಯಂಥ ಬಲೆ ಹಾಸಿ ಬೆರಳುದ್ದದ ಮರಿಯನ್ನೂ ಬಾಚುತ್ತಾನೆ.

ಮೀನುಗಾರಿಕೆ ಇಲಾಖೆಯನ್ನಷ್ಟೇ ದೂರುವುದು ಅನ್ಯಾಯ. ಮೇಲೆ ಸೊಲ್ಲಾಪುರ ಜಿಲ್ಲೆಯಲ್ಲಿ ಉಜನಿ ಅಣೆಕಟ್ಟು, ಇಲ್ಲಿ ಅಫಜಲಪುರ ತಾಲ್ಲೂಕಿನ ಸೊನ್ನ ಬ್ಯಾರೇಜು. ಬೇಸಿಗೆಯಲ್ಲಿ ಭೀಮೆಗೆ ನೀರು ಬಿಡಿ ಎಂದು ದಂಡೆಯ ಜನ ಕೈಮುಗಿದು ಕೇಳಬೇಕಾದ ಸ್ಥಿತಿ. ಮಳೆ ಬಂದರೆ 2020ರ ಅಕ್ಟೋಬರಿನ ಹಾಗೆ ಊರುಗಳೇ ಮುಳುಗುತ್ತವೆ. ನೀರು ನೀರಾವರಿ ಇಲಾಖೆಯದು, ಮರಳು ಗಣಿ ಇಲಾಖೆಯದು. ಮಡು ಬತ್ತಿದರೆ, ಉಸುಕು ಬಗೆದು ಒಯ್ದರೆ ಮೀನು ತತ್ತಿ ಎಲ್ಲಿಡಬೇಕು? ಈ ಪ್ರಶ್ನೆ ಕೇಳುವ ಅಧಿಕಾರ ಮೀನುಗಾರಿಕೆ ಇಲಾಖೆಗೆ ಬರಬೇಕು. ಇಂದಿಗೂ ನೀರು, ಮರಳಿನ ತೀರ್ಮಾನವಾಗುವ ಸಭೆಗಳಲ್ಲಿ ಮೀನಿನ ಪರ ಮಾತಾಡುವವರ ದನಿ ತೀರ ಸಣ್ಣದು.

ಕಡಲಿನ ಪಾಠವನ್ನು ಹೊಳೆಗೆ ತರಲು ಸಾಧ್ಯವಿದೆ. ಗುಜರಾತಿನಿಂದ ಕೇರಳದವರೆಗಿನ ಕಡಲಿಗೆ ಒಂದೇ ನಿಷೇಧ ತರಲು ಸಾಧ್ಯವಾಗಿರುವಾಗ, ಈ ಭಾಗದ ಭೀಮೆಯನ್ನು ಹಂಚಿಕೊಂಡಿರುವ ಮಹಾರಾಷ್ಟ್ರ, ಕರ್ನಾಟಕ ಎರಡೇ ರಾಜ್ಯಗಳಿಗೆ ಅದು ಕಷ್ಟವಾಗಬಾರದು. ಮೊದಲ ಮಳೆಯ ಎರಡು ತಿಂಗಳು ಸೊಲ್ಲಾಪುರದಲ್ಲೂ ಅಫಜಲಪುರ, ಜೇವರ್ಗಿಗಳಲ್ಲೂ ಒಟ್ಟಿಗೆ ಬಲೆ ಮಡಚಲಿ. ಅಮರ್ಜಾದ ಬಾಯಿ, ಹಳ್ಳಗಳು ಹೊಳೆ ಕೂಡುವ ಜಾಗಗಳನ್ನು ವರ್ಷವಿಡೀ ಕಾಯ್ದಿಡಲಿ. ಬಲೆ ಮಡಚಿದ ಮನೆಗೆ ಆ ದಿನಗಳ ಪರಿಹಾರ ಕಡಲಿನವರಿಗೆ ಸಿಗುವಂತೆಯೇ ತಪ್ಪದೆ ತಲುಪಲಿ. ಹಸಿದವನಿಗೆ ನಿಯಮ ಹೇಳುವ ಮೊದಲು ಇಷ್ಟು ಮಾಡುವುದು ಸರ್ಕಾರದ ಕರ್ತವ್ಯ.

ಈ ಸಂಚಿಕೆ ಓದುವ ಅಧಿಕಾರಿಗಳಲ್ಲಿ, ಸಹಕಾರ ಸಂಘಗಳ ಹಿರಿಯರಲ್ಲಿ, ಮೂರೂ ತಾಲ್ಲೂಕುಗಳ ಜನಪ್ರತಿನಿಧಿಗಳಲ್ಲಿ ನನ್ನ ಬಿನ್ನಹ ಇಷ್ಟೇ: ಬರುವ ಮುಂಗಾರಿಗೆ ಮೊದಲು ಒಮ್ಮೆ ಗಾಣಗಾಪುರದ ಸಂಗಮದಲ್ಲಿ ದಂಡೆಯ ಅಂಬಿಗರನ್ನು ಕೂರಿಸಿಕೊಂಡು ಮಾತಾಡಿ. ಬಲೆ ಯಾವ ದಿನ ಮಡಚಬೇಕೆಂದು ಅವರನ್ನೇ ಕೇಳಿ, ಆ ದಿನವನ್ನು ಆದೇಶದಲ್ಲಿ ಬರೆಯಿರಿ.