ಒಂದೇ ಚಿತ್ರ, ಹಲವು ಕಣ್ಣು: ಛಾಯಾಚಿತ್ರದ ಮರುರೂಪಣೆ ಮತ್ತು ಮದರಾಸಿನ ಹವ್ಯಾಸಿ ಪರಂಪರೆ

ಒಬ್ಬರು ತೆಗೆದ ಛಾಯಾಚಿತ್ರವನ್ನು ಬಳಗದ ಇತರರು ತಮ್ಮ ತಮ್ಮ ಕಲ್ಪನೆಗೆ ತಕ್ಕಂತೆ ತಿದ್ದಿ, ಅದಕ್ಕೆ ಹೊಸ ಅರ್ಥ ಕೊಟ್ಟು ಮತ್ತೆ ಎಲ್ಲರ ಮುಂದಿಡುವ ಪದ್ಧತಿ ಹವ್ಯಾಸಿ ಛಾಯಾಗ್ರಾಹಕರಲ್ಲಿ ಉಂಟು. ಇದು ಗಣಕಯಂತ್ರ ಬಂದ ಮೇಲೆ ಹುಟ್ಟಿದ ಚಪಲವೆಂದು ಹಲವರು ಭಾವಿಸುತ್ತಾರೆ. ಆದರೆ ಚಿತ್ರವನ್ನು ತಿದ್ದುವ ಕಲೆಗೆ ಛಾಯಾಗ್ರಹಣದಷ್ಟೇ ವಯಸ್ಸಾಗಿದೆ. ಅದರ ಚರಿತ್ರೆಯಲ್ಲಿ ನಾವು ವಾಸಿಸುವ ಚೆನ್ನೈಗೂ ನಮ್ಮ ಹೊಯ್ಸಳ ನಾಡಿಗೂ ಒಂದು ನಂಟಿದೆ.

ಹಳೇಬೀಡಿನಿಂದ ಮದರಾಸಿಗೆ

ಲಿನೇಯಸ್ ಟ್ರೈಪ್ ಎಂಬ ಸೇನಾಧಿಕಾರಿ 1854ರ ಕೊನೆಯಲ್ಲಿ ಹಳೇಬೀಡು, ಬೇಲೂರು, ಶ್ರವಣಬೆಳಗೊಳಗಳಲ್ಲಿ ಸಂಚರಿಸಿ ಅಲ್ಲಿನ ಶಿಲ್ಪಗಳ ಛಾಯಾಚಿತ್ರಗಳನ್ನು ತೆಗೆದನು. 1855ರ ಮದರಾಸು ಪ್ರದರ್ಶನದಲ್ಲಿ ಆ ಚಿತ್ರಗಳಿಗೆ ಪ್ರಥಮ ದರ್ಜೆಯ ಪದಕ ದೊರೆಯಿತು. ಮರುವರ್ಷ ಅವನು ಮದರಾಸು ಪ್ರಾಂತ್ಯದ ಸರ್ಕಾರಿ ಛಾಯಾಗ್ರಾಹಕನಾಗಿ ನೇಮಕಗೊಂಡನು. ಅಂದಿನ ಕಾಗದದ ನೆಗೆಟಿವ್ ನೀಲಿ ಬೆಳಕಿಗೆ ಅತಿಯಾಗಿ ಸ್ಪಂದಿಸುತ್ತಿದ್ದುದರಿಂದ ಆಕಾಶವೆಲ್ಲ ಬರಿಯ ಬಿಳುಪಾಗಿ ಮೂಡುತ್ತಿತ್ತು. ಈ ಕೊರತೆಯನ್ನು ನೀಗಲು ಟ್ರೈಪ್ ನೆಗೆಟಿವ್ ಮೇಲೆ ಕುಂಚದಿಂದ ಬಣ್ಣ ಹಚ್ಚಿ ಮೋಡಗಳನ್ನು ಬರೆಯುತ್ತಿದ್ದನು. ತಂಜಾವೂರಿನ ಬೃಹದೀಶ್ವರ ದೇಗುಲದ ಶಾಸನಗಳನ್ನು ತೋರಿಸಲು 21 ಮುದ್ರಣಗಳನ್ನು ಜೋಡಿಸಿ ಸುಮಾರು 19 ಅಡಿ ಉದ್ದದ ಒಂದೇ ಚಿತ್ರವನ್ನು ರಚಿಸಿದನು.

ಮದರಾಸಿನ ಛಾಯಾಗ್ರಹಣ ಸಂಘವು ತನ್ನ ಹುಟ್ಟನ್ನು 1857ಕ್ಕೆ ಗುರುತಿಸಿಕೊಳ್ಳುತ್ತದೆ. ಮದರಾಸಿನ ಕಲಾಶಾಲೆಯನ್ನು ಸ್ಥಾಪಿಸಿದ ಡಾ. ಅಲೆಕ್ಸಾಂಡರ್ ಹಂಟರ್ ಈ ಸಂಘದ ಹಿಂದೆಯೂ ಇದ್ದರು. ಅದೇ ವರ್ಷ ಇಂಗ್ಲೆಂಡಿನಲ್ಲಿ ಆಸ್ಕರ್ ರೆಯ್ಲಾಂಡರ್ ಎಂಬ ಕಲಾವಿದ ಮೂವತ್ತಕ್ಕೂ ಹೆಚ್ಚು ನೆಗೆಟಿವ್‌ಗಳನ್ನು ಬೆಸೆದು ಒಂದು ದೊಡ್ಡ ಚಿತ್ರವನ್ನು ರೂಪಿಸಿ ಕೋಲಾಹಲವನ್ನೇ ಎಬ್ಬಿಸಿದನು. ಇದು ಕಲೆಯೋ ಮೋಸವೋ ಎಂಬ ಅಂದಿನ ವಾದ ಇಂದಿಗೂ ಮುಗಿದಿಲ್ಲ.

ಕನ್ನಡನಾಡಿನಲ್ಲೂ ಹವ್ಯಾಸಿ ಸಂಘಗಳಿಗೆ ಗಟ್ಟಿಯಾದ ನೆಲೆಯಿದೆ. ಭಾರತೀಯ ಛಾಯಾಗ್ರಹಣ ಒಕ್ಕೂಟವು 1953ರಲ್ಲಿ ರೂಪುಗೊಂಡದ್ದು ಬೆಂಗಳೂರಿನ ಡಾ. ಜಿ. ಥಾಮಸ್ ಅವರ ಮುಂದಾಳುತನದಲ್ಲಿ. ಬೆಂಗಳೂರಿನ ಯೂತ್ ಫೋಟೋಗ್ರಾಫಿಕ್ ಸೊಸೈಟಿ 1971ರಲ್ಲಿ ಆರಂಭವಾಯಿತು.

ಕತ್ತಲೆ ಕೋಣೆಯಿಂದ ಗಣಕಯಂತ್ರಕ್ಕೆ

ಕತ್ತಲೆ ಕೋಣೆಯಲ್ಲಿ ಮುದ್ರಣ ಮಾಡುವಾಗ ಚಿತ್ರದ ಒಂದು ಭಾಗಕ್ಕೆ ಬೆಳಕು ಬೀಳದಂತೆ ಕೈ ಅಡ್ಡ ಹಿಡಿದರೆ ಆ ಭಾಗ ತಿಳಿಯಾಗುತ್ತದೆ. ಹೆಚ್ಚು ಹೊತ್ತು ಬೆಳಕು ಬಿಟ್ಟರೆ ಗಾಢವಾಗುತ್ತದೆ. ಇಂದಿನ ತಂತ್ರಾಂಶಗಳಲ್ಲಿರುವ ಡಾಡ್ಜ್ ಮತ್ತು ಬರ್ನ್ ಎಂಬ ಉಪಕರಣಗಳು ಈ ಕೈಚಳಕದ ಹೆಸರನ್ನೇ ಹೊತ್ತಿವೆ. ಥಾಮಸ್ ಮತ್ತು ಜಾನ್ ನೋಲ್ ಸಹೋದರರ ಫೋಟೋಶಾಪ್ 1990ರಲ್ಲಿ ಮಾರುಕಟ್ಟೆಗೆ ಬಂದಿತು. 1994ರ ಮೂರನೆಯ ಆವೃತ್ತಿಯಲ್ಲಿ ಪದರಗಳ ಸೌಲಭ್ಯ ಸೇರಿದ ಮೇಲೆ ಮೂಲ ಚಿತ್ರವನ್ನು ಕೆಡಿಸದೆ ಅದರ ಮೇಲೆ ಬೇರೆ ಬೇರೆ ಪ್ರಯೋಗ ಮಾಡುವುದು ಸುಲಭವಾಯಿತು. 1996ರಲ್ಲಿ ಬಿಡುಗಡೆಯಾದ ಜಿಂಪ್ ಎಂಬ ಉಚಿತ ತಂತ್ರಾಂಶದಿಂದಾಗಿ ಹಣ ತೆರಲಾಗದ ವಿದ್ಯಾರ್ಥಿಗೂ ಈ ಬಾಗಿಲು ತೆರೆಯಿತು.

ಅಭ್ಯಾಸದ ಕ್ರಮ

ಬಳಗದಲ್ಲಿ ಈ ಅಭ್ಯಾಸ ನಡೆಸಬಯಸುವವರು ಕ್ಯಾಮೆರಾದ ಸಂಸ್ಕರಿಸದ ಕಡತವನ್ನೇ, ಅಂದರೆ ರಾ ಕಡತವನ್ನೇ, ಎಲ್ಲರಿಗೂ ಹಂಚುವುದು ಉತ್ತಮ. ಅದರಲ್ಲಿ ನೆರಳು ಬೆಳಕುಗಳ ವಿವರ ಹೆಚ್ಚು ಉಳಿದಿರುತ್ತದೆ. ಮೊದಲು ಚೌಕಟ್ಟನ್ನು ಕತ್ತರಿಸುವುದು, ಅನಂತರ ಬಣ್ಣದ ಸಮತೋಲ, ಆಮೇಲೆ ನೆರಳು ಬೆಳಕು, ಕೊನೆಗೆ ಬೇರೆ ಚಿತ್ರಗಳ ಜೋಡಣೆ ಎಂಬ ಕ್ರಮವನ್ನು ಅನುಸರಿಸಬಹುದು. ಒಂದೊಂದು ಹಂತವನ್ನೂ ಬೇರೆ ಪದರದಲ್ಲಿಟ್ಟರೆ ಹಿಂದಿರುಗಿ ನೋಡಲು ಅನುಕೂಲ. ಎಲ್ಲರೂ ಮುಗಿಸಿದ ಬಳಿಕ ಚಿತ್ರಗಳನ್ನು ಸಾಲಾಗಿ ಇಟ್ಟು, ಯಾರು ಏನನ್ನು ಉಳಿಸಿಕೊಂಡರು, ಏನನ್ನು ಬಿಟ್ಟರು ಎಂದು ಚರ್ಚಿಸಬೇಕು. ಮೈಲಾಪುರದ ಕಪಾಲೀಶ್ವರ ಕೊಳದ ಒಂದೇ ಚಿತ್ರದಲ್ಲಿ ಒಬ್ಬರಿಗೆ ಗೋಪುರದ ಪ್ರತಿಬಿಂಬ ಮುಖ್ಯವಾದೀತು, ಇನ್ನೊಬ್ಬರಿಗೆ ಮೆಟ್ಟಿಲ ಮೇಲೆ ಒಂಟಿಯಾಗಿ ಕುಳಿತ ವೃದ್ಧರು ಮುಖ್ಯವಾದಾರು. ತೆಗೆದವರು ಕಾಣದೆ ಹೋದುದನ್ನು ತಿದ್ದಿದವರು ಕಾಣಿಸುವುದೇ ಈ ಅಭ್ಯಾಸದ ನಿಜವಾದ ಲಾಭ.

ಮಾರ್ಗಶಿರದ ಸಂಗೀತೋತ್ಸವಗಳಲ್ಲಿ ಪುರಂದರದಾಸರ ಪದಗಳನ್ನು ಕೇಳಿದವರಿಗೆ ಇದು ಹೊಸದಲ್ಲ. ಒಂದೇ ಪದವನ್ನು ಗಾಯಕರು ಬೇರೆ ಬೇರೆ ರಾಗಗಳಲ್ಲಿ ಹಾಡುತ್ತಾರೆ. ಅಂಕಿತ ಮಾತ್ರ ದಾಸರದೇ ಆಗಿ ಉಳಿಯುತ್ತದೆ. ಪಿಯಾನೋ ಕಲಿತಿದ್ದ ಅಮೆರಿಕದ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ ಸಹ ನೆಗೆಟಿವ್ ಅನ್ನು ಸ್ವರಲಿಪಿಗೂ ಮುದ್ರಣವನ್ನು ಕಛೇರಿಗೂ ಹೋಲಿಸುತ್ತಿದ್ದರು.

ರವಿವರ್ಮನ ಚಿತ್ರಗಳ ಮರುಹುಟ್ಟು

ನಮ್ಮಲ್ಲಿ ಅತಿ ಹೆಚ್ಚು ಮರುರೂಪ ಪಡೆದವು ರಾಜಾ ರವಿವರ್ಮನ ಚಿತ್ರಗಳಿರಬೇಕು. 1894ರಲ್ಲಿ ಅವನು ಮುಂಬಯಿಯಲ್ಲಿ ತೆರೆದ ಮುದ್ರಣಾಲಯದಿಂದ ಹೊರಟ ದೇವರ ಪಟಗಳಿಗೆ ಮನೆಗಳಲ್ಲಿ ಜರಿ, ಮಿಣುಕು, ಬಟ್ಟೆ ಅಂಟಿಸಿ ಸಿಂಗರಿಸುವ ವಾಡಿಕೆಯಿತ್ತು. ಬೆಂಗಳೂರಿನ ಕಲಾವಿದೆ ಪುಷ್ಪಮಾಲಾ ಎನ್. ಅವರು ಕ್ಲೇರ್ ಆರ್ನಿ ಅವರೊಡನೆ 2000ದಿಂದ 2004ರವರೆಗೆ ರಚಿಸಿದ ಛಾಯಾಚಿತ್ರ ಮಾಲಿಕೆಯಲ್ಲಿ ರವಿವರ್ಮನ ಬೆಳದಿಂಗಳ ಹೆಣ್ಣಾಗಿ ತಾವೇ ಕಾಣಿಸಿಕೊಂಡು, ದಕ್ಷಿಣ ಭಾರತದ ಹೆಣ್ಣೆಂದರೆ ಹೀಗೆಯೇ ಎಂಬ ಸಿದ್ಧ ಕಲ್ಪನೆಯನ್ನು ಪ್ರಶ್ನಿಸಿದರು. ಚೆನ್ನೈನ ಛಾಯಾಗ್ರಾಹಕ ಜಿ. ವೆಂಕಟ್ ರಾಮ್ ಅವರು 2020ರ ಒಂದು ದತ್ತಿ ಕ್ಯಾಲೆಂಡರಿಗಾಗಿ ಚಿತ್ರನಟಿಯರನ್ನು ರವಿವರ್ಮನ ನಾಯಿಕೆಯರಂತೆ ಚಿತ್ರಿಸಿದರು. ಒಂದೇ ಮೂಲದಿಂದ ಒಬ್ಬರು ವಿಮರ್ಶೆಯನ್ನು ಪಡೆದರೆ ಇನ್ನೊಬ್ಬರು ಆರಾಧನೆಯನ್ನು ಪಡೆದರು.

ಎಲ್ಲೆ ಎಲ್ಲಿದೆ?

ಹಳೇಬೀಡಿನ ಹೊಯ್ಸಳೇಶ್ವರನಿಗೆ ಇಂದು ಶಿಖರವಿಲ್ಲ. ಬೇಲೂರಿನ ಚೆನ್ನಕೇಶವನ ಶಿಖರವನ್ನು 19ನೆಯ ಶತಮಾನದ ಉತ್ತರಾರ್ಧದಲ್ಲಿ ಕೆಳಗಿಳಿಸಲಾಯಿತು. ಹವ್ಯಾಸಿಯೊಬ್ಬರು ಹಳೇಬೀಡಿನ ಚಿತ್ರಕ್ಕೆ ತಮ್ಮ ಕಲ್ಪನೆಯ ಶಿಖರವನ್ನು ಸೇರಿಸಿದರೆ ಅದು ಚೆಲುವಾದ ಕನಸಾಗಬಹುದು. ಆದರೆ ಹೀಗೆ ಸೇರಿಸಲಾಗಿದೆ ಎಂಬ ಮಾತು ಕಳಚಿಹೋಗಿ ಚಿತ್ರವಷ್ಟೇ ಕೈಯಿಂದ ಕೈಗೆ ಹೋದರೆ ನಾಳಿನ ಓದುಗನಿಗೆ ಅದು ಸುಳ್ಳು ಸಾಕ್ಷಿಯಾಗುತ್ತದೆ. ಟ್ರೈಪ್ ಬರೆದ ಮೋಡದಿಂದ ಯಾರಿಗೂ ಕೇಡಾಗಲಿಲ್ಲ. ಮುರಿದ ಶಿಲ್ಪವನ್ನು ಅವನು ಕುಂಚದಿಂದ ಸರಿಪಡಿಸಿದ್ದರೆ ಆ ಕಲ್ಲು ಅಂದು ಹೇಗಿತ್ತೆಂಬುದು ನಮಗೆ ತಿಳಿಯುತ್ತಲೇ ಇರಲಿಲ್ಲ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಹಳೆಯ ಚಿತ್ರಗಳ ಸಾಕ್ಷ್ಯಮೌಲ್ಯ ಇನ್ನೂ ಹೆಚ್ಚಿದೆ. ಒಂದು ವಾಕ್ಯ ಬರೆದರೆ ಇಲ್ಲದ ದೃಶ್ಯವನ್ನು ಕೃತಕ ಬುದ್ಧಿಮತ್ತೆ ಮೂಡಿಸುವ ಈ ದಿನಗಳಲ್ಲಿ ಎಚ್ಚರವೂ ಅಷ್ಟೇ ಹೆಚ್ಚಬೇಕು. ಅಂತರರಾಷ್ಟ್ರೀಯ ಛಾಯಾಗ್ರಹಣ ಸ್ಪರ್ಧೆಗಳು ಸೃಜನಶೀಲ ವಿಭಾಗದಲ್ಲಿ ಬದಲಾವಣೆಗೆ ಅವಕಾಶ ಕೊಟ್ಟರೂ ನಿಸರ್ಗ ವಿಭಾಗದಲ್ಲಿ ಏನನ್ನೂ ಸೇರಿಸುವಂತಿಲ್ಲ ಎಂದು ವಿಧಿಸಿರುವುದು ಈ ಕಾರಣಕ್ಕೇ.

ಹಕ್ಕು ಮತ್ತು ಸೌಜನ್ಯ

1957ರ ಭಾರತೀಯ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಛಾಯಾಚಿತ್ರವೂ ಒಂದು ಕಲಾಕೃತಿ. ಬೇರೆ ಒಪ್ಪಂದವಿಲ್ಲದಿದ್ದರೆ, ಹಣ ಕೊಟ್ಟು ತೆಗೆಸಿದ ಚಿತ್ರದ ಮೊದಲ ಒಡೆತನ ತೆಗೆಸಿದವರದು. ಆದರೂ 57ನೆಯ ವಿಧಿಯಂತೆ, ಇದು ತನ್ನ ಕೃತಿಯೆಂದು ಹೇಳಿಕೊಳ್ಳುವ ಹಕ್ಕೂ ತನ್ನ ಗೌರವಕ್ಕೆ ಕುಂದು ತರುವ ವಿರೂಪವನ್ನು ತಡೆಯುವ ಹಕ್ಕೂ ಕೃತಿಕಾರನಲ್ಲೇ ಉಳಿಯುತ್ತವೆ. ಆದ್ದರಿಂದ ತಿದ್ದುವ ಮುನ್ನ ಅನುಮತಿ ಕೇಳುವುದು, ತಿದ್ದಿದ ಮೇಲೆ ಮೂಲ ಛಾಯಾಗ್ರಾಹಕರ ಹೆಸರನ್ನು ಬರೆಯುವುದು, ಮೂಲ ಕಡತವನ್ನು ಕಾಪಾಡುವುದು, ಚಿತ್ರದಲ್ಲಿರುವ ವ್ಯಕ್ತಿಗಳ ಮಾನಕ್ಕೆ ಚ್ಯುತಿ ಬಾರದಂತೆ ನಡೆದುಕೊಳ್ಳುವುದು, ಈ ನಾಲ್ಕು ನಿಯಮಗಳನ್ನು ಹವ್ಯಾಸಿಗಳು ಮರೆಯಬಾರದು.

ಊರು ಬಿಟ್ಟು ಬಂದ ಕನ್ನಡ ಕುಟುಂಬಗಳಲ್ಲಿ ಹಿರಿಯರ ಮುಖವನ್ನು ಉಳಿಸಿರುವುದು ಒಂದೆರಡು ಮಾಸಿದ ಪಟಗಳು ಮಾತ್ರ. ಅವನ್ನು ತಿದ್ದಿ ಬಣ್ಣ ತುಂಬುವ ಆಸೆ ಸಹಜವಾದುದೇ. ತುಂಬುವ ಮೊದಲು ಆ ಮಾಸಿದ ಪಟವನ್ನೇ ಇದ್ದಂತೆ ಸ್ಕ್ಯಾನ್ ಮಾಡಿ, ಹಿಂಬದಿಯ ಬರಹದೊಡನೆ ಬೇರೆಯಾಗಿ ಕಾದಿರಿಸಿ. ಹೊಸ ರೂಪಗಳು ಎಷ್ಟು ಬೇಕಾದರೂ ಹುಟ್ಟಬಹುದು. ಮೂಲ ಒಮ್ಮೆ ಕಳೆದರೆ ಮತ್ತೆ ಬಾರದು.