ಮಿಂಚುಬೆಳಕೂ ಮದುವೆಯ ಚಿತ್ರವೂ

ಶುಭಕಾರ್ಯಗಳೆಲ್ಲವುಗಳಲ್ಲಿಯೂ ಛಾಯಾಚಿತ್ರಕಾರನಿಗೆ ವಿವಾಹದಷ್ಟು ಕಠಿನವಾದ ಪರೀಕ್ಷೆ ಮತ್ತೊಂದಿಲ್ಲ. ಮುಹೂರ್ತವು ಪಂಚಾಂಗವನ್ನನುಸರಿಸಿ ಬರುವುದೇ ಹೊರತು ಬೆಳಕನ್ನನುಸರಿಸಿ ಬರುವುದಿಲ್ಲ. ಅದು ಒಮ್ಮೆ ಅರುಣೋದಯಕ್ಕೆ ಮೊದಲೇ ಇದ್ದೀತು, ಒಮ್ಮೆ ರಾತ್ರಿಯಲ್ಲಿಯೂ ಇದ್ದೀತು. ಮಂಟಪದ ಮೇಲೆ ಚಪ್ಪರ, ಮುಂದೆ ಹೋಮದ ಹೊಗೆ, ಸುತ್ತಲೂ ನಿಬಿಡವಾದ ಬಂಧುವರ್ಗ. ಇವುಗಳ ನಡುವೆ ಅಂತಃಪಟವು ಸರಿದು, ಜೀರಿಗೆ ಬೆಲ್ಲವು ಬಿದ್ದು, ಮಾಂಗಲ್ಯದ ಮೂರು ಗಂಟುಗಳು ಬೀಳುವುದಕ್ಕೆ ಹಿಡಿಯುವ ಕಾಲವಾದರೂ ಎಷ್ಟು? ಚಿತ್ರವು ಸರಿಯಾಗಿ ಬಾರದಿದ್ದರೆ, ಮತ್ತೊಮ್ಮೆ ಕಟ್ಟಿರೆಂದು ವರನನ್ನು ಕೇಳುವಂತಿಲ್ಲ. ಆದುದರಿಂದ ಕೃತಕವಾದ ಮಿಂಚುಬೆಳಕನ್ನು ಸಾಧಿಸಲು ಮನುಷ್ಯನು ಪಟ್ಟ ಪ್ರಯಾಸದ ಚರಿತ್ರೆಯು, ಮದುವೆಯ ಚಿತ್ರವು ಮಂಟಪದೊಳಕ್ಕೆ ಬಂದ ಚರಿತ್ರೆಯೂ ಆಗಿರುತ್ತದೆ.

1839ರಲ್ಲಿ ಫ್ರಾನ್ಸಿನ ದಗೇರನ ವಿಧಾನವು ಪ್ರಕಟವಾದಾಗ, ಬೆಳಕೆಂದರೆ ಸೂರ್ಯನ ಬೆಳಕೇ ಆಗಿದ್ದಿತು. ಲೇಪನಗಳು ಬಹು ಮಂದವಾಗಿದ್ದುದರಿಂದ, ಚಿತ್ರಕ್ಕೆ ಕುಳಿತವರು ಬಹಳ ಹೊತ್ತು ಅಲುಗದೆ ಇರಬೇಕಾಗಿದ್ದಿತು. ಕುತ್ತಿಗೆ ಕದಲದಂತೆ ಹಿಂದಿನಿಂದ ಕಬ್ಬಿಣದ ಆಧಾರವನ್ನು ಕೊಡುವ ಪದ್ಧತಿಯೂ ಇದ್ದಿತು. ಹೀಗಾಗಿ ಚಿತ್ರಕಾರನು ಮದುವೆಯ ಮನೆಗೆ ಹೋಗುವುದಕ್ಕೆ ಬದಲಾಗಿ, ವಧೂವರರೇ ಗಾಜಿನ ಮಾಡುಳ್ಳ ಅವನ ಚಿತ್ರಶಾಲೆಗೆ ಹೋಗುತ್ತಿದ್ದರು. ಹಳೆಯ ಮನೆತನಗಳಲ್ಲಿ ಉಳಿದಿರುವ ದಂಪತಿಚಿತ್ರಗಳಲ್ಲಿ ನಗೆಯು ಅಪರೂಪವಾಗಿರುವುದಕ್ಕೆ ಆ ಕಾಲದ ಗಾಂಭೀರ್ಯವೊಂದೇ ಕಾರಣವಲ್ಲ; ನಗೆಯನ್ನು ಅಷ್ಟು ಹೊತ್ತು ಹಿಡಿದಿಟ್ಟುಕೊಳ್ಳುವುದು ಯಾರಿಗೂ ಸುಲಭವಲ್ಲ.

ಈ ಬಂಧನವನ್ನು ಮೊದಲು ಸಡಿಲಿಸಿದುದು ಮೆಗ್ನೀಷಿಯಂ ಎಂಬ ಲೋಹವು. 1859ರಲ್ಲಿ ಬುನ್ಸೆನ್ ಮತ್ತು ರಾಸ್ಕೊ ಎಂಬ ರಸಾಯನಶಾಸ್ತ್ರಜ್ಞರಿಬ್ಬರು, ಉರಿಯುವ ಮೆಗ್ನೀಷಿಯಂ ತಂತಿಯ ಶುಭ್ರಜ್ವಾಲೆಯು ಚಿತ್ರಫಲಕದ ಮೇಲೆ ಪ್ರಬಲವಾಗಿ ವರ್ತಿಸುವುದೆಂದು ತಿಳಿಸಿದರು. 1864ರಲ್ಲಿ ಮ್ಯಾಂಚೆಸ್ಟರಿನ ಆಲ್ಫ್ರೆಡ್ ಬ್ರದರ್ಸ್ ಎಂಬ ಚಿತ್ರಕಾರನು ಈ ಬೆಳಕಿನಲ್ಲಿ ಗುಹೆಯ ಒಳಭಾಗದ ಚಿತ್ರವನ್ನೂ ಮನುಷ್ಯರ ಚಿತ್ರಗಳನ್ನೂ ತೆಗೆದನು. ಮರುವರ್ಷ ಪಿಯಾಜಿ ಸ್ಮಿತ್ ಎಂಬ ಖಗೋಳಜ್ಞನು ಈಜಿಪ್ಟಿನ ಮಹಾಪಿರಮಿಡ್ಡಿನ ಗರ್ಭದಲ್ಲಿ ಇದನ್ನೇ ಉರಿಸಿದನು. ಆದರೆ ತಂತಿಯು ನಿಧಾನವಾಗಿ ಉರಿಯತಕ್ಕದ್ದು, ಬೆಲೆಯೂ ಹೆಚ್ಚು. ಕಲ್ಲಿನ ಗೋಡೆಗೆ ಅದು ಸಾಕು, ಚಲಿಸುವ ಜನಕ್ಕೆ ಸಾಲದು.

1887ರಲ್ಲಿ ಜರ್ಮನಿಯ ಮೀಥೆ ಮತ್ತು ಗೇಡಿಕೆ ಎಂಬವರು ಮೆಗ್ನೀಷಿಯಂ ಪುಡಿಗೆ ಪೊಟಾಸಿಯಂ ಕ್ಲೋರೇಟನ್ನೂ ಆಂಟಿಮೊನಿ ಸಲ್ಫೈಡನ್ನೂ ಬೆರೆಸಿ, ಒಮ್ಮೆಲೇ ಭುಗಿಲೆನ್ನುವ ಮಿಂಚುಪುಡಿಯನ್ನು ಮಾಡಿದರು. ನ್ಯೂಯಾರ್ಕಿನ ಪತ್ರಿಕಾಕರ್ತನಾದ ಜೇಕಬ್ ರೀಸನು ಈ ಪುಡಿಯ ಸಹಾಯದಿಂದ ಬಡವರ ಕತ್ತಲೆಕೋಣೆಗಳನ್ನು ಚಿತ್ರಿಸಿ, 1890ರಲ್ಲಿ ಪ್ರಕಟಿಸಿದ ಗ್ರಂಥದಿಂದ ಆ ನಗರದ ಮನಸ್ಸಾಕ್ಷಿಯನ್ನು ಕಲಕಿದನು. ಆದರೆ ಅದೇ ಪುಡಿಯಿಂದ ಬೆಂಕಿ ಹೊತ್ತಿಕೊಂಡ ಪ್ರಸಂಗಗಳನ್ನೂ ಅವನೇ ಬರೆದಿಟ್ಟಿದ್ದಾನೆ. ಚಿತ್ರಕಾರರು ಕೈ ಮುಖಗಳನ್ನು ಸುಟ್ಟುಕೊಂಡುದುಂಟು. ಪುಡಿಯನ್ನು ಬೆರೆಸುವಾಗ ಪ್ರಾಣವನ್ನು ಕಳೆದುಕೊಂಡವರೂ ಉಂಟು. ತೆಂಗಿನ ಗರಿಯ ಚಪ್ಪರದ ಕೆಳಗೆ ಇಂಥ ಸಿಡಿಮದ್ದನ್ನು ಹಚ್ಚುವುದೆಂದರೆ ಏನಾಗಬಹುದೆಂಬುದನ್ನು ಊಹಿಸಬಹುದು. ಅಪಾಯವು ತಪ್ಪಿದರೂ ಹೊಗೆಯು ತಪ್ಪದು. ಒಂದು ಮಿಂಚಿಗೆ ಕೋಣೆಯೆಲ್ಲ ಬಿಳಿಯ ಹೊಗೆಯಿಂದ ತುಂಬಿ, ಎರಡನೆಯ ಚಿತ್ರಕ್ಕೆ ಎಡೆಯಿರುತ್ತಿರಲಿಲ್ಲ. ಆದುದರಿಂದ ಪುಡಿಯ ಬೆಳಕು ಸಾಲಾಗಿ ಕುಳ್ಳಿರಿಸಿದ ಬಂಧುವರ್ಗದ ಒಂದು ಚಿತ್ರಕ್ಕೆ ಒದಗಿತೇ ಹೊರತು, ವಿಧಿಗಳನ್ನು ಒಂದೊಂದಾಗಿ ಹಿಂಬಾಲಿಸುವುದಕ್ಕೆ ಒದಗಲಿಲ್ಲ.

ಬೆಂಕಿಯನ್ನು ಗಾಜಿನೊಳಗೆ ಸೆರೆಹಿಡಿದುದು ಮುಂದಿನ ಹೆಜ್ಜೆ. 1929ರಲ್ಲಿ ಜರ್ಮನಿಯಲ್ಲಿ ಮಿಂಚುಬುರುಡೆಯು ಮಾರಾಟಕ್ಕೆ ಬಂದಿತು. ಮರುವರ್ಷವೇ ಇಂಗ್ಲೆಂಡ್ ಅಮೆರಿಕಗಳಲ್ಲಿಯೂ ಹರಡಿತು. ಆಮ್ಲಜನಕವನ್ನು ತುಂಬಿದ ಬುರುಡೆಯಲ್ಲಿ ಅಲ್ಯುಮಿನಿಯಮ್ಮಿನ ತೆಳುವಾದ ಹಾಳೆ, ಬ್ಯಾಟರಿಯಿಂದ ಒಂದು ಕಿಡಿ, ಹೊಗೆಯಿಲ್ಲ, ಸದ್ದಿಲ್ಲ. ಚಿತ್ರಕಾರನು ಜನರ ನಡುವೆ ಓಡಾಡುತ್ತ ಚಿತ್ರ ತೆಗೆಯುವುದು ಆಗ ಮಾತ್ರ ಸಾಧ್ಯವಾಯಿತು. ಆದರೆ ಒಂದು ಬುರುಡೆಗೆ ಒಂದೇ ಚಿತ್ರ. ಉರಿದ ಬುರುಡೆಯು ಕೈಸುಡುವಷ್ಟು ಬಿಸಿ. ಅದನ್ನು ತೆಗೆದು ಇನ್ನೊಂದನ್ನು ಸೇರಿಸುವಷ್ಟರಲ್ಲಿ ಮೂರು ಗಂಟುಗಳೂ ಬಿದ್ದುಹೋಗಿರುತ್ತಿದ್ದುವು. ಪ್ರತಿಯೊಂದು ಚಿತ್ರಕ್ಕೂ ಬುರುಡೆಯ ಬೆಲೆ ಬೀಳುತ್ತಿದ್ದುದರಿಂದ, ಯಾವುದನ್ನು ತೆಗೆಯಬೇಕು, ಯಾವುದನ್ನು ಬಿಡಬೇಕು ಎಂಬ ವಿವೇಚನೆಯು ಚಿತ್ರಕಾರನಿಗೆ ಅನಿವಾರ್ಯವಾಗಿದ್ದಿತು.

ಕ್ಯಾಮೆರಾದ ಕಿಂಡಿ ತೆರೆಯುವುದಕ್ಕೂ ಬೆಳಕಿಗೂ ಹೊಂದಿಕೆಯಿರಬೇಕೆಂಬ ತೊಡಕು ಬುರುಡೆಯೊಡನೆಯೇ ಬಂದಿತು. ಸಾಮಾನ್ಯವಾದ ಬುರುಡೆಯು ಪೂರ್ಣ ಕಾಂತಿಗೆ ಬರಲು ಸೆಕೆಂಡಿನ ಸುಮಾರು ಐವತ್ತರಲ್ಲೊಂದು ಪಾಲು ಹಿಡಿಯುವುದು. ಆದುದರಿಂದ ಬುರುಡೆಯನ್ನು ಮೊದಲು ಹೊತ್ತಿಸಿ ಅನಂತರ ಕಿಂಡಿ ತೆರೆಯುವ ಏರ್ಪಾಡಿಗೆ ‘ಎಂ’ ಎಂಬ ಗುರುತನ್ನಿಟ್ಟರು. ಮುಂದೆ ಬಂದ ವಿದ್ಯುನ್ಮಿಂಚು ತಡವಿಲ್ಲದೆ ಹೊಳೆಯುವುದರಿಂದ, ಅದಕ್ಕೆ ‘ಎಕ್ಸ್’ ಎಂಬ ಗುರುತು ಏರ್ಪಟ್ಟಿತು. ಈ ಎರಡು ಅಕ್ಷರಗಳನ್ನು ಅದಲುಬದಲು ಮಾಡಿದವನ ಪಾಡು ಶೋಚನೀಯವಾದುದು. ವಿದ್ಯುನ್ಮಿಂಚನ್ನು ‘ಎಂ’ ಗುರುತಿಗೆ ಜೋಡಿಸಿದರೆ, ಕಿಂಡಿ ತೆರೆಯುವ ವೇಳೆಗೆ ಬೆಳಕು ಮುಗಿದಿರುವುದು. ಮಂಟಪದಲ್ಲಿ ಎಲ್ಲರಿಗೂ ಮಿಂಚು ಕಾಣುವುದು. ಫಿಲ್ಮಿನ ಮೇಲೆ ಮಾತ್ರ ಏನೂ ಇರದು. ತಪ್ಪು ಗೊತ್ತಾಗುವುದು ಬೀಗರೆಲ್ಲರೂ ಊರಿಗೆ ಹಿಂದಿರುಗಿದ ಮೇಲೆ, ಕತ್ತಲೆಕೋಣೆಯಲ್ಲಿ. ಪರದೆಯಂತೆ ಸರಿಯುವ ಕಿಂಡಿಯುಳ್ಳ ಕ್ಯಾಮೆರಾಗಳಲ್ಲಿ ವೇಗವು ಮಿತಿಮೀರಿದರೆ, ಚಿತ್ರದ ಒಂದು ಭಾಗವೇ ಕಪ್ಪಾಗುವುದೂ ಇಂಥದೇ ಇನ್ನೊಂದು ಆಪತ್ತು.

ವಿದ್ಯುನ್ಮಿಂಚಿನ ಯುಗವನ್ನು ತೆರೆದವನು ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರವಿದ್ಯಾಸಂಸ್ಥೆಯ ಹೆರಾಲ್ಡ್ ಎಡ್ಜರ್ಟನ್. 1931ರ ಸುಮಾರಿನಲ್ಲಿ ತಿರುಗುವ ಯಂತ್ರಗಳನ್ನು ನಿಂತಂತೆ ಕಾಣಿಸುವ ಸಲುವಾಗಿ ಅವನು ನಡೆಸಿದ ಪ್ರಯೋಗಗಳಿಂದ ಇದು ಬೆಳೆಯಿತು. ಬ್ಯಾಟರಿಯ ಶಕ್ತಿಯನ್ನು ಒಂದು ಕೆಪಾಸಿಟರಿನಲ್ಲಿ ಕೂಡಿಹಾಕಿ, ಕ್ಸೆನಾನ್ ಅನಿಲವುಳ್ಳ ಗಾಜಿನ ಕೊಳವೆಯ ಮೂಲಕ ಒಮ್ಮೆಗೇ ಹರಿಯಬಿಡುವುದು ಇದರ ತತ್ತ್ವ. ಬೆಳಕು ಸೆಕೆಂಡಿನ ಸಾವಿರದಲ್ಲೊಂದು ಪಾಲಿನಲ್ಲಿ, ಅಥವಾ ಅದಕ್ಕಿಂತಲೂ ಬೇಗ, ಬಂದು ಹೋಗುವುದು. ಎರಚಿದ ಅಕ್ಷತೆಯ ಕಾಳುಗಳು ಗಾಳಿಯಲ್ಲಿಯೇ ನಿಂತಂತೆ ಚಿತ್ರದಲ್ಲಿ ಮೂಡುವುವು. ಒಂದೇ ಕೊಳವೆಯು ಸಾವಿರಾರು ಸಲ ಹೊಳೆಯಬಲ್ಲದು. ಆರಂಭದ ಸಲಕರಣೆಗಳು ಹೆಗಲಮೇಲೆ ಹೊರಬೇಕಾದಷ್ಟು ಭಾರವಾಗಿದ್ದುವು. ಟ್ರಾನ್ಸಿಸ್ಟರಿನ ಆಗಮನದಿಂದ 1960ರ ದಶಕದಲ್ಲಿ ಅವು ಹಗುರಾಗಿ, ಕ್ರಮೇಣ ಕ್ಯಾಮೆರಾದ ತಲೆಯನ್ನೇರಿದುವು.

ಮಿಂಚುದೀಪವನ್ನು ಆರಿಸುವವನು ಮೊದಲು ತಿಳಿಯಬೇಕಾದುದು ಅದರ ಮಾರ್ಗಸಂಖ್ಯೆ. ಈ ಸಂಖ್ಯೆಯನ್ನು ದೂರದಿಂದ ಭಾಗಿಸಿದರೆ ಮಸೂರದ ದ್ವಾರವನ್ನು ಎಷ್ಟಕ್ಕಿಡಬೇಕೆಂಬುದು ದೊರೆಯುತ್ತದೆ. ಸಂಖ್ಯೆಯು 40 ಆಗಿದ್ದರೆ, 5 ಮೀಟರು ದೂರದಲ್ಲಿ ನಿಂತವರಿಗೆ ದ್ವಾರವು 8. 10 ಮೀಟರಿಗೆ 4. ದೂರವು ಇಮ್ಮಡಿಯಾದರೆ ಬೆಳಕು ನಾಲ್ಕರಲ್ಲೊಂದು ಪಾಲಿಗೆ ಇಳಿಯುವುದೆಂಬ ನಿಯಮವೇ ಇದಕ್ಕೆ ಮೂಲ. ಮುಂದಿನ ಸಾಲಿನ ಪುರೋಹಿತರು ಸುಣ್ಣ ಬಳಿದಂತೆ ಬೆಳ್ಳಗಾಗಿ, ಹಿಂದೆ ನಿಂತ ಅಜ್ಜಿಯು ಕತ್ತಲೆಯಲ್ಲಿ ಮರೆಯಾಗುವುದೂ ಈ ನಿಯಮದಿಂದಲೇ. ಎರಡನೆಯದು, ಒಂದು ಮಿಂಚಿಗೂ ಇನ್ನೊಂದಕ್ಕೂ ನಡುವೆ ಬೇಕಾದ ಕಾಲ. ಪೂರ್ಣಶಕ್ತಿಯಲ್ಲಿ ಹೊಳೆದ ದೀಪವು ಮತ್ತೆ ಸಿದ್ಧವಾಗಲು ಕೆಲವು ಸೆಕೆಂಡುಗಳನ್ನು ಬೇಡುವುದು. ಮಾಂಗಲ್ಯಧಾರಣೆಯು ಅದಕ್ಕಾಗಿ ಕಾಯದು. 1970ರ ದಶಕದ ಥೈರಿಸ್ಟರ್ ದೀಪಗಳು ಸಾಕಾದಷ್ಟು ಬೆಳಕನ್ನು ಮಾತ್ರ ಬಿಟ್ಟು, ಉಳಿದ ಶಕ್ತಿಯನ್ನು ಮುಂದಿನ ಮಿಂಚಿಗೆ ಉಳಿಸಿ ಈ ಕೊರತೆಯನ್ನು ಕಡಿಮೆಮಾಡಿದುವು. ಅದೇ ದಶಕದಲ್ಲಿ ಮಸೂರದ ಮೂಲಕ ಒಳಬಂದ ಬೆಳಕನ್ನೇ ಅಳೆಯುವ ಕ್ರಮವೂ ಬಂದಿತು.

ಮೂರನೆಯದು ದೀಪದ ಶಿರಸ್ಸು ತಿರುಗುವ ಗುಣ. ನೇರವಾಗಿ ಎದುರಿನಿಂದ ಬಿದ್ದ ಬೆಳಕು ಮುಖವನ್ನು ಚಪ್ಪಟೆಮಾಡಿ, ಜರಿಯನ್ನೂ ಬೆವರನ್ನೂ ಒಂದೇ ಸಮನಾಗಿ ಹೊಳೆಯಿಸುತ್ತದೆ. ಶಿರಸ್ಸನ್ನು ಬಿಳಿಯ ಚಾವಣಿಯ ಕಡೆಗೆ ತಿರುಗಿಸಿದರೆ, ಬೆಳಕು ಹರಡಿಕೊಂಡು ಮೃದುವಾಗಿ ಇಳಿಯುವುದು. ಆದರೆ ಅದರ ಹೆಚ್ಚಿನ ಪಾಲು ದಾರಿಯಲ್ಲಿಯೇ ವ್ಯಯವಾಗುವುದು. ಚಾವಣಿಯು ಬಹಳ ಎತ್ತರವಾಗಿದ್ದರೆ ಈ ಉಪಾಯವು ಸಾಗದು. ಕೆಂಪು ಹಳದಿ ಶಾಮಿಯಾನವಿದ್ದರೆ ಮುಖಗಳಿಗೂ ಅದೇ ಬಣ್ಣ ಹತ್ತುವುದು. ಅಂಥ ಕಡೆ ಒಂದೆರಡು ದೀಪಗಳನ್ನು ಕಂಬಗಳ ಮೇಲೆ ಪಕ್ಕದಲ್ಲಿ ನಿಲ್ಲಿಸಿ, ದೂರದಿಂದ ಹೊಳೆಯಿಸುವುದು ಲೇಸು.

ಮಿಂಚುಬೆಳಕೇ ಬೇಡವೆಂಬ ಪಕ್ಷವೂ ಉಂಟು. ಫ್ರಾನ್ಸಿನ ಕಾರ್ಟಿಯೆ-ಬ್ರೆಸ್ಸನ್ 1952ರ ತನ್ನ ಪ್ರಸಿದ್ಧ ಗ್ರಂಥದ ಪೀಠಿಕೆಯಲ್ಲಿ, ಇದ್ದ ಬೆಳಕಿಗೆ ಸಲ್ಲಬೇಕಾದ ಗೌರವದ ದೃಷ್ಟಿಯಿಂದ ಮಿಂಚನ್ನು ನಿರಾಕರಿಸಿದ್ದಾನೆ. ಅವನ ಕಾಲದಲ್ಲಿ ಇದು ಬಹುಮಟ್ಟಿಗೆ ಹಗಲಿನ ಮಾತಾಗಿದ್ದಿತು. ಇಂದಿನ ಡಿಜಿಟಲ್ ಕ್ಯಾಮೆರಾಗಳಾದರೋ ಹಣತೆಯ ಬೆಳಕಿನಲ್ಲಿಯೂ ಚಿತ್ರ ತೆಗೆಯಬಲ್ಲುವು. ಆದರೂ ಮಂಟಪದ ವಿದ್ಯುದ್ದೀಪಗಳು ನೆತ್ತಿಯ ಮೇಲಿನಿಂದ ಬೀಳುವಾಗ, ಬಾಸಿಂಗದ ನೆರಳಿನಲ್ಲಿ ವಧುವಿನ ಕಣ್ಣುಗಳು ಮುಳುಗಿಹೋಗುವುವು. ಅಲ್ಲಿ ಅಲ್ಪವಾದ ಮಿಂಚು ಉಪಕಾರವನ್ನೇ ಮಾಡುವುದು. ಇದಕ್ಕೆ ವ್ಯತಿರಿಕ್ತವಾಗಿ, ವಿಡಿಯೋ ಹೊಸದಾಗಿ ಬಂದ ದಿನಗಳಲ್ಲಿ ಮುಹೂರ್ತದುದ್ದಕ್ಕೂ ಉರಿದ ಹ್ಯಾಲೊಜನ್ ದೀಪಗಳು, ಹೋಮದ ತಾಪವು ಸಾಲದೆಂಬಂತೆ, ವಧೂವರರನ್ನು ಬೇಯಿಸಿದುವು.

ಮಿಂಚುಪುಡಿಯಿಂದ ಇಂದಿನವರೆಗೆ ನಡೆದ ಪ್ರತಿಯೊಂದು ಸುಧಾರಣೆಯೂ ಎರಡು ಕಡೆಗೆ ಸಾಗಿದೆ: ಚಿತ್ರಕಾರನ ಶಕ್ತಿಯು ಹೆಚ್ಚಿದೆ, ಅವನಿಂದ ಕಾರ್ಯಕ್ಕೆ ಆಗುವ ಅಡಚಣೆಯು ಕಡಿಮೆಯಾಗಿದೆ. ಸಲಕರಣೆಯನ್ನು ಆರಿಸುವಾಗ ಮೊದಲನೆಯದನ್ನು ಎಲ್ಲರೂ ನೋಡುತ್ತಾರೆ. ಎರಡನೆಯದನ್ನು ನೋಡುವವರು ವಿರಳ. ಮಂಟಪ ಎಷ್ಟು ಎತ್ತರ, ನಿಲ್ಲಲು ಸ್ಥಳವೆಷ್ಟು, ಮುಹೂರ್ತ ಯಾವ ಹೊತ್ತಿಗೆ ಎಂಬುದನ್ನು ಮುಂದಾಗಿ ವಿಚಾರಿಸಿಕೊಂಡು, ಅದಕ್ಕೆ ತಕ್ಕ ದೀಪವನ್ನೂ ಅದಕ್ಕೊಂದು ಬದಲಿಯನ್ನೂ ಒಯ್ಯುವವನು ಜಾಣನು. ಮಂತ್ರಘೋಷದ ನಡುವೆ ಹಿರಿಯರ ಕಣ್ಣು ಕುಕ್ಕಿ, ವಧುವಿನ ತಂದೆತಾಯಿಗಳಿಗೆ ಮಗಳ ಮುಖವು ಕಾಣದಂತೆ ಮಾಡುವ ದೀಪದಿಂದ ಎಷ್ಟೇ ಸೊಗಸಾದ ಚಿತ್ರ ಬಂದರೂ ಅದು ಲಾಭವೆನಿಸದು. ಏಕೆಂದರೆ ಆ ಕ್ಷಣವು ಮೊದಲು ಅವರದು, ಅನಂತರವೇ ಚಿತ್ರದ್ದು.